ನೂರು ಉಗುರುಗಳು

ನಮ್ಮ ಐವರು ಮಕ್ಕಳ ಕೈಕಾಲುಗಳಲ್ಲಿ ಒಟ್ಟು ನೂರು ಉಗುರುಗಳಿವೆ. ಕೈಯ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರಿನಷ್ಟು ಬೆಳೆಯುತ್ತದೆ, ಕಾಲಿನದು ಹೆಚ್ಚುಕಡಿಮೆ ಅದರ ಅರ್ಧದಷ್ಟು. ಹಾಗಾಗಿ ಕೈಗೆ ವಾರಕ್ಕೊಮ್ಮೆ, ಕಾಲಿಗೆ ಎರಡು ವಾರಕ್ಕೊಮ್ಮೆ ಎಂದು ಗೊತ್ತುಮಾಡಿಕೊಂಡಿದ್ದೇನೆ. ಭಾನುವಾರ ಸಂಜೆ ಮಕ್ಕಳ ಸ್ನಾನ ಮುಗಿದು ಉಗುರುಗಳು ಮೆತ್ತಗಾಗಿರುವಾಗ ಕಿಟಕಿಯ ಬಳಿ ಹಳೆಯ ಪತ್ರಿಕೆಯೊಂದನ್ನು ಹಾಸಿಕೊಂಡು ಕೂರುತ್ತೇನೆ. ಅವರು ಒಬ್ಬೊಬ್ಬರಾಗಿ ಬಂದು ಮಡಿಲೇರುತ್ತಾರೆ. ಕೂಸಿನ ಉಗುರುಗಳನ್ನು ಮಾತ್ರ ಅದು ಹಾಲು ಕುಡಿದು ಗಾಢ ನಿದ್ದೆಗೆ ಜಾರಿದ ಮೇಲೆ, ಬೆರಳ ತುದಿಯ ಮಾಂಸವನ್ನು ಹಿಂದಕ್ಕೆ ಒತ್ತಿ ಹಿಡಿದು, ಉಸಿರು ಬಿಗಿಹಿಡಿದು ಕತ್ತರಿಸುತ್ತೇನೆ. ಮನೆಯ ಕೆಲಸಗಳಲ್ಲಿ ಇದು ತೀರಾ ಸಣ್ಣದು, ಹೊರಗಿನವರ ಕಣ್ಣಿಗೆ ಬೀಳುವಂಥದ್ದೂ ಅಲ್ಲ. ಆದರೆ ಕಳೆದ ವರ್ಷ ಒಂದು ತಿಂಗಳ ಕಾಲ ಈ ಭಾನುವಾರದ ಸಂಜೆಗಳು ತಪ್ಪಿಹೋದಾಗ ನಮ್ಮ ಮನೆಯಲ್ಲಿ ಏನಾಯಿತೆಂಬುದನ್ನು ಬರೆದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಳ್ಳುತ್ತಿದ್ದೆ.

ಆಗ ದೊಡ್ಡವನಿಗೆ ಹತ್ತು ವರ್ಷ, ಎರಡನೆಯವಳಿಗೆ ಎಂಟು, ಮೂರನೆಯವಳಿಗೆ ಆರು, ನಾಲ್ಕನೆಯವನಿಗೆ ಮೂರೂವರೆ. ಕೂಸಿಗೆ ಎಂಟು ತಿಂಗಳು. ಮನೆಯವರು ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೊರಟರೆ ಮರಳುವುದು ಸಂಜೆ ಏಳಕ್ಕೆ. ನಡುವಿನ ಹೊತ್ತೆಲ್ಲ ನನ್ನ ಪಾಲಿನದು. ಇಷ್ಟು ಮಕ್ಕಳಿದ್ದಾರೆಂದು ತಿಳಿದವರು ಮೊದಲು ವಿಚಾರಿಸುವುದು ಕೆಲಸದ ಬಗ್ಗೆ: ಇಷ್ಟೊಂದು ಬಟ್ಟೆ ಹೇಗೆ ಒಗೆಯುತ್ತೀರಿ, ಇಷ್ಟು ಜನಕ್ಕೆ ಹೇಗೆ ಬೇಯಿಸಿ ಹಾಕುತ್ತೀರಿ ಎಂದು. ಕೆಲಸಕ್ಕೆ ಹೇಗೋ ಒಂದು ದಾರಿ ಸಿಗುತ್ತದೆ. ಏಳು ಜನರ ಅಡುಗೆಗೆ ಒಬ್ಬರ ಅಡುಗೆಯ ಏಳು ಪಟ್ಟು ಹೊತ್ತು ಬೇಕಾಗುವುದಿಲ್ಲ, ಪಾತ್ರೆ ದೊಡ್ಡದಾದರೆ ಸಾಕು. ಗಮನವನ್ನು ಹಾಗೆ ಒಂದೇ ಪಾತ್ರೆಯಲ್ಲಿ ಬೇಯಿಸಿ ಐವರಿಗೂ ಬಡಿಸಲು ಬರುವುದಿಲ್ಲ. ಒಂದು ಮಗುವಿನ ಮಾತನ್ನು ಪೂರ್ತಿ ಕೇಳುವ ಐದು ನಿಮಿಷ ಉಳಿದ ನಾಲ್ವರು ಕಾಯಲೇಬೇಕು, ಮತ್ತು ಯಾರು ಕಾಯಬೇಕೆಂಬುದನ್ನು ದಿನಕ್ಕೆ ನೂರು ಸಲ ನಾನೇ ತೀರ್ಮಾನಿಸಬೇಕು.

ಆ ತೀರ್ಮಾನಗಳು ಶುರುವಾಗುವುದು ಕೂಸು ಏಳುವ ಹೊತ್ತಿಗೆ, ಅಂದರೆ ಬೆಳಗಿನ ಐದಕ್ಕೂ ಮುನ್ನ. ಅದು ಹಾಲು ಕುಡಿಯುವ ಇಪ್ಪತ್ತು ನಿಮಿಷದಲ್ಲಿ ದಿನದ ಕೆಲಸಗಳನ್ನೆಲ್ಲ ಕತ್ತಲಲ್ಲೇ ಸಾಲಾಗಿ ನಿಲ್ಲಿಸಿಕೊಳ್ಳುತ್ತೇನೆ: ಇವತ್ತು ಯಾರಿಗೆ ಯಾವ ಸಮವಸ್ತ್ರ, ಯಾರ ಪುಸ್ತಕಕ್ಕೆ ಸಹಿ ಹಾಕಬೇಕು, ಯಾರ ಕೆಮ್ಮು ರಾತ್ರಿ ಹೆಚ್ಚಾಗಿತ್ತು. ಆರಕ್ಕೆ ದೊಡ್ಡ ಮೂವರನ್ನು ಎಬ್ಬಿಸಿದರೆ ಮುಂದಿನ ಒಂದೂವರೆ ಗಂಟೆ ಓಟವೇ. ಎರಡು ತಲೆಗೆ ಜಡೆ, ಮೂರು ಜೊತೆ ಶೂ, ಎರಡು ಜೊತೆ ಕಾಲುಚೀಲ ಸಿಕ್ಕಲ್ಲಿ ಮೂರನೆಯ ಜೊತೆಯ ಒಂದು ಕಾಣೆ. ನಾಲ್ಕನೆಯವನು ಇದೇ ಹೊತ್ತಿಗೆ ತನ್ನ ಅಂಗಿಯ ಗುಂಡಿಗಳನ್ನು ತಾನೇ ಹಾಕಿಕೊಳ್ಳುತ್ತೇನೆಂದು ಹಟ ಹಿಡಿಯುತ್ತಾನೆ. ನಾನು ಅದಕ್ಕೆ ಅಡ್ಡ ಬರುವುದಿಲ್ಲ. ಮೂರೂವರೆ ವರ್ಷದ ಬೆರಳುಗಳು ಒಂದು ಗುಂಡಿಯನ್ನು ತೂತಿನೊಳಗೆ ತೂರಿಸಲು ತೆಗೆದುಕೊಳ್ಳುವ ಎರಡು ನಿಮಿಷವನ್ನು ಅವನಿಂದ ಕಿತ್ತುಕೊಂಡರೆ, ಮುಂದಿನ ಎರಡು ವರ್ಷ ಆ ಗುಂಡಿಗಳನ್ನು ನಾನೇ ಹಾಕುತ್ತಿರಬೇಕಾಗುತ್ತದೆ.

ಬಟ್ಟೆಯ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ, ಏಕೆಂದರೆ ಇದರಿಂದ ಯಾರಿಗಾದರೂ ಉಪಯೋಗವಾಗಬಹುದು. ಒಣಗಿದ ಬಟ್ಟೆಗಳ ರಾಶಿಯಲ್ಲಿ ಯಾವ ಅಂಗಿ ಯಾರದೆಂದು ಹುಡುಕುವುದರಲ್ಲೇ ನನ್ನ ಮಧ್ಯಾಹ್ನಗಳು ಕಳೆದುಹೋಗುತ್ತಿದ್ದವು. ಒಂದು ದಿನ ಕೆಂಪು ದಾರ ತೆಗೆದುಕೊಂಡು ದೊಡ್ಡವನ ಬಟ್ಟೆಗಳ ಕತ್ತುಪಟ್ಟಿಯ ಒಳಗೆ ಒಂದು ಗಂಟು, ಎರಡನೆಯವಳವಕ್ಕೆ ಎರಡು ಗಂಟು, ಹೀಗೆ ಹಾಕುತ್ತಾ ಹೋದೆ. ಒಂದು ಅಂಗಿ ದೊಡ್ಡವನಿಗೆ ಗಿಡ್ಡವಾಗಿ ತಂಗಿಗೆ ಇಳಿದಾಗ ಬಿಚ್ಚುವುದು ಹೊಲಿಯುವುದು ಏನೂ ಬೇಡ, ಇನ್ನೊಂದು ಗಂಟು ಸೇರಿಸಿದರೆ ಆಯಿತು. ಮೂರು ಗಂಟುಗಳಿರುವ ಹಳದಿ ಅಂಗಿಯೊಂದು ಮನೆಯಲ್ಲಿದೆ. ಮೂರನೆಯವಳು ಅದನ್ನು ತೊಡುವಾಗಲೆಲ್ಲ ಗಂಟುಗಳನ್ನು ಬೆರಳಿನಿಂದ ಮುಟ್ಟಿ ಎಣಿಸುತ್ತಿದ್ದಳು. ಅದು ಅವಳಿಗೆ ಆಟವೆಂದುಕೊಂಡಿದ್ದೆ.

ಮಕ್ಕಳು ಹೆಚ್ಚಿದ್ದು ವಯಸ್ಸುಗಳು ಬೇರೆಬೇರೆಯಾಗಿರುವ ಮನೆಯಲ್ಲಿ ನೆಲ ಒಂದು ದೊಡ್ಡ ಚಿಂತೆ. ಹತ್ತು ವರ್ಷದವನ ಆಟಿಕೆಯ ಸಣ್ಣ ಚೂರು ಎಂಟು ತಿಂಗಳ ಕೂಸಿನ ಗಂಟಲಿಗೆ ಸರಿಯಾಗಿ ಹೊಂದುತ್ತದೆ. ಅದರಲ್ಲೂ ನನಗೆ ಹೆಚ್ಚು ಭಯ ನಾಣ್ಯದಾಕಾರದ ಚಪ್ಪಟೆ ಬ್ಯಾಟರಿಗಳದು. ಅವು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗಿನ ಮಾಂಸವನ್ನು ಸುಟ್ಟುಬಿಡಬಲ್ಲವು, ಮಗು ಒಂದನ್ನು ನುಂಗಿರಬಹುದೆಂಬ ಅನುಮಾನ ಬಂದರೂ ಒಂದು ಕ್ಷಣ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಆದ್ದರಿಂದ ಸಣ್ಣ ಚೂರುಗಳಿರುವ ಆಟವೆಲ್ಲ ಮೇಜಿನ ಮೇಲೆ ಮಾತ್ರ, ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಆಟಿಕೆ ಮನೆಗೇ ಬೇಡ ಎಂಬುದು ನಮ್ಮಲ್ಲಿ ಕಟ್ಟಳೆ. ದಿನಕ್ಕೊಮ್ಮೆ ನಾನು ಕೂಸಿನ ಎತ್ತರಕ್ಕೆ ಬಗ್ಗಿ, ಕೆನ್ನೆ ನೆಲಕ್ಕೆ ತಾಗುವಂತೆ ಮಲಗಿ, ಮಂಚದ ಅಡಿಯನ್ನೂ ಕಪಾಟಿನ ಅಡಿಯನ್ನೂ ನೋಡುತ್ತೇನೆ. ಬಚ್ಚಲಿನ ಬಕೆಟ್ಟು ಬಳಸಿದ ಕೂಡಲೇ ಬೋರಲು ಬೀಳುತ್ತದೆ.

ಇಂಥ ಮನೆಯಲ್ಲಿ ಒಂದೇ ಗಳಿಗೆಯಲ್ಲಿ ಮೂವರು ಅಳುವುದು ಅಪರೂಪವೇನಲ್ಲ. ಇದಕ್ಕೆ ನಾನು ಪ್ರಥಮ ಚಿಕಿತ್ಸೆಯ ಪಾಠದಲ್ಲಿ ಕಲಿತ ಒಂದು ಸೂತ್ರವನ್ನು ಹಿಡಿದುಕೊಂಡಿದ್ದೆ: ಹಲವರಿಗೆ ಪೆಟ್ಟಾಗಿದ್ದರೆ ಸದ್ದಿಲ್ಲದೆ ಬಿದ್ದಿರುವವರನ್ನು ಮೊದಲು ನೋಡಬೇಕು, ಏಕೆಂದರೆ ಜೋರಾಗಿ ಕೂಗುತ್ತಿರುವವರು ಉಸಿರಾಡುತ್ತಿದ್ದಾರೆಂಬುದಂತೂ ಖಚಿತ. ಮಂಚದಿಂದ ಇಬ್ಬರು ಒಟ್ಟಿಗೆ ಉರುಳಿದ ದಿನ ಕಿರುಚುತ್ತಿದ್ದವನನ್ನು ಬಿಟ್ಟು ಸುಮ್ಮನೆ ಕುಳಿತಿದ್ದವಳ ಬಳಿಗೆ ಮೊದಲು ಹೋಗಿದ್ದೆ. ಪೆಟ್ಟಿನ ವಿಷಯದಲ್ಲಿ ಇಷ್ಟು ಚೆನ್ನಾಗಿ ತಿಳಿದಿದ್ದ ಮಾತು ಉಳಿದ ದಿನಗಳಲ್ಲಿ ನನಗೆ ನೆನಪಾಗಲಿಲ್ಲ.

ಕಳೆದ ವರ್ಷ ದೊಡ್ಡವನು ಶಾಲೆಯಿಂದ ಜ್ವರ ಹೊತ್ತು ತಂದ. ಮರುದಿನ ಬೆನ್ನ ಮೇಲೆ ನೀರುಗುಳ್ಳೆಗಳು ಎದ್ದವು. ಸೀತಾಳೆ ಸಿಡುಬು, ಅಂದರೆ ಚಿಕನ್‌ಪಾಕ್ಸ್. ಇದಕ್ಕೆ ಲಸಿಕೆ ಇದೆ, ಎರಡು ಡೋಸ್ ಹಾಕಿಸಬೇಕು. ಒಬ್ಬರಿಗಲ್ಲ ಒಬ್ಬರಿಗೆ ನೆಗಡಿ ಜ್ವರವೆಂದು ಮುಂದೂಡುತ್ತಾ ಬಂದು ನಾವು ಹಾಕಿಸಿರಲಿಲ್ಲ. ರೋಗಿಯ ಸಂಪರ್ಕಕ್ಕೆ ಬಂದ 3ರಿಂದ 5 ದಿನಗಳೊಳಗೆ ಹಾಕಿಸಿದರೂ ವರ್ಷ ತುಂಬಿದ ಉಳಿದ ಮಕ್ಕಳಿಗೆ ಪ್ರಯೋಜನವಾಗುತ್ತದೆಂಬುದು ನಮಗೆ ತಿಳಿಯುವಷ್ಟರಲ್ಲಿ ಆ ಗಡುವು ದಾಟಿಹೋಗಿತ್ತು. ಆ ನೋವು ನನಗೆ ಇಂದಿಗೂ ಇದೆ. ಗುಳ್ಳೆ ಕಾಣಿಸುವುದಕ್ಕೆ ಒಂದೆರಡು ದಿನ ಮುಂಚಿನಿಂದಲೇ ಈ ರೋಗ ಹರಡತೊಡಗುತ್ತದೆ, ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆ ಕಟ್ಟುವವರೆಗೂ ಹರಡುತ್ತಲೇ ಇರುತ್ತದೆ. ಒಂದೇ ಸೂರಿನಡಿ ಇರುವ, ಮೊದಲು ಬಂದಿರದ, ಲಸಿಕೆಯೂ ಇಲ್ಲದವರಲ್ಲಿ ನೂರಕ್ಕೆ ತೊಂಬತ್ತು ಜನರವರೆಗೂ ತಗುಲಬಹುದು. ಸೋಂಕು ತಗುಲಿದ 10ರಿಂದ 21 ದಿನಗಳೊಳಗೆ, ಹೆಚ್ಚಾಗಿ ಎರಡು ವಾರಕ್ಕೆ, ಗುಳ್ಳೆಗಳು ಏಳುತ್ತವೆ. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಎಣಿಸಿ ಗುರುತು ಹಾಕಿದೆ. ಹದಿನೈದನೆಯ ದಿನ ಎರಡನೆಯವಳಿಗೂ ನಾಲ್ಕನೆಯವನಿಗೂ ಒಟ್ಟಿಗೆ ಬಂತು, ಹದಿನೇಳನೆಯ ದಿನ ಕೂಸಿಗೆ. ಮೂರನೆಯವಳಿಗೆ ಬರಲಿಲ್ಲ.

ಆ ದಿನಗಳ ರಾತ್ರಿಗಳನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ತುರಿಕೆಗೆ ನಿದ್ದೆ ಬಾರದ ಇಬ್ಬರು, ಜ್ವರದ ಕೂಸು, ಆಗಷ್ಟೇ ಚೇತರಿಸಿಕೊಂಡ ದೊಡ್ಡವನು. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ ಕೊಡಿ, ಆಸ್ಪಿರಿನ್ ಯಾವ ಕಾರಣಕ್ಕೂ ಬೇಡ ಎಂದು ವೈದ್ಯರು ಒತ್ತಿ ಹೇಳಿದ್ದರು. ಸಿಡುಬಿನ ಮಕ್ಕಳಿಗೆ ಆಸ್ಪಿರಿನ್ ಕೊಟ್ಟರೆ ಮೆದುಳಿಗೂ ಯಕೃತ್ತಿಗೂ ಕುತ್ತು ತರುವ ರೈ ಸಿಂಡ್ರೋಮ್ ಎಂಬ ಕಾಯಿಲೆ ಬರುವ ಅಪಾಯವಿದೆ. ಪ್ಯಾರಾಸಿಟಮಾಲ್ ಪ್ರಮಾಣ ಮಗುವಿನ ತೂಕದ ಮೇಲೆ ನಿಂತಿದೆ: ಒಂದು ಬಾರಿಗೆ ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ, ಎರಡು ಬಾರಿಯ ನಡುವೆ ಕನಿಷ್ಠ ನಾಲ್ಕರಿಂದ ಆರು ಗಂಟೆ ಬಿಡುವು. ಒಂದೇ ಮಗುವಿದ್ದಾಗ ಇದು ಸುಲಭದ ಲೆಕ್ಕ. ಮೂರು ಮಕ್ಕಳು, ಮೂರು ತೂಕ, ಮೂರು ಬೇರೆ ಹೊತ್ತು, ಕೊಡುವವರು ಇಬ್ಬರು ಎಂದಾಗ ಮಾತು ಬೇರೆಯಾಗುತ್ತದೆ. ಒಂದು ರಾತ್ರಿ ಮೂರು ಗಂಟೆಗೆ ನಾನು ನಾಲ್ಕನೆಯವನ ಔಷಧಿಯನ್ನು ಅಳೆದು ಅವನ ಬಾಯಿಯ ಬಳಿ ಹಿಡಿದಿದ್ದೆ. ಮನೆಯವರು ಅರೆನಿದ್ದೆಯಲ್ಲೇ ಎದ್ದು ಕುಳಿತು, ‘ಅವನಿಗೆ ಎರಡಕ್ಕೇ ಕೊಟ್ಟಿದ್ದೇನೆ’ ಎಂದರು. ಅವರಿಗೆ ಎಚ್ಚರವಾಗದಿದ್ದರೆ ಎಂದು ಯೋಚಿಸುತ್ತಾ ಬೆಳಕು ಹರಿಯುವವರೆಗೆ ಕುಳಿತಿದ್ದೆ. ಮರುದಿನವೇ ಒಂದು ನೋಟ್‌ಬುಕ್ಕಿಗೆ ಪೆನ್ಸಿಲ್ ಕಟ್ಟಿ ಔಷಧಿ ಬಾಟಲಿಗಳ ಪಕ್ಕದಲ್ಲೇ ತೂಗುಹಾಕಿದೆವು. ಯಾರಿಗೆ, ಏನು, ಎಷ್ಟು, ಎಷ್ಟು ಹೊತ್ತಿಗೆ, ಕೊಟ್ಟವರು ಯಾರು ಎಂದು ಬರೆಯದೆ ಈಗ ನಮ್ಮಲ್ಲಿ ಬಾಟಲಿಯ ಮುಚ್ಚಳ ತೆರೆಯುವುದಿಲ್ಲ. ಮಕ್ಕಳು ಒಬ್ಬರಿಗಿಂತ ಹೆಚ್ಚಿರುವ ಎಲ್ಲ ಮನೆಗಳಲ್ಲೂ ಇಂಥದ್ದೊಂದು ಪುಸ್ತಕ ಇರಲೇಬೇಕೆಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಕೆರೆದುಕೊಂಡ ಗುಳ್ಳೆಗಳಿಗೆ ಕೀವು ತುಂಬಿ ಕಲೆ ಉಳಿಯದಿರಲೆಂದು ಉಗುರುಗಳನ್ನು ತೀರಾ ಗಿಡ್ಡವಾಗಿ ಇಡಬೇಕೆಂದೂ ವೈದ್ಯರು ಹೇಳಿದ್ದರು. ಹಾಗಾಗಿ ಭಾನುವಾರಕ್ಕೆ ಕಾಯದೆ, ಕಾಯಿಲೆಯ ಮಕ್ಕಳ ಉಗುರುಗಳನ್ನು ಮೂರು ದಿನಕ್ಕೊಮ್ಮೆ ಅವರು ಮಲಗಿದ್ದಲ್ಲೇ ಕತ್ತರಿಸುತ್ತಿದ್ದೆ. ಕಿಟಕಿಯ ಬಳಿ ಪತ್ರಿಕೆ ಹಾಸುವುದು ನಿಂತೇಹೋಯಿತು. ಮೂರನೆಯವಳು ಆರೋಗ್ಯವಾಗಿದ್ದಳು. ಅಪ್ಪ ಹೆಣೆದ ಸಡಿಲ ಜಡೆಯಲ್ಲೇ ಶಾಲೆಗೆ ಹೋಗಿ ಬಂದು, ತಟ್ಟೆ ತಾನೇ ತೊಳೆದಿಟ್ಟು, ಓದಿ ಮಲಗುತ್ತಿದ್ದಳು. ಏನನ್ನೂ ಕೇಳುತ್ತಿರಲಿಲ್ಲ. ಫೋನಿನಲ್ಲಿ ನನ್ನ ತಾಯಿಗೆ, ‘ಅವಳೊಬ್ಬಳ ಚಿಂತೆ ಇಲ್ಲ ಅಮ್ಮ, ಬಂಗಾರದಂಥ ಮಗು’ ಎಂದು ಹೇಳಿದ್ದು ನೆನಪಿದೆ. ಅವಳು ಅಲ್ಲೇ ಬಾಗಿಲ ಬಳಿ ನಿಂತಿದ್ದಳು.

ಮೂವತ್ತನೆಯ ದಿನ ಬೆಳಿಗ್ಗೆ ನಾನು ಒಗೆಯುವ ಬಟ್ಟೆ ವಿಂಗಡಿಸುತ್ತಿದ್ದಾಗ ಅವಳು ಬಂದು ಎದುರು ನಿಂತು ಅಂಗಿಯನ್ನು ಹೊಟ್ಟೆಯ ಮೇಲಿನವರೆಗೆ ಎತ್ತಿ ತೋರಿಸಿದಳು. ಹೊಕ್ಕುಳ ಪಕ್ಕದಲ್ಲಿ ಒಂದು ನೀರುಗುಳ್ಳೆ. ಅವಳ ಮುಖ ಅರಳಿತ್ತು. ‘ಅಮ್ಮಾ, ನನಗೂ ಬಂತು ನೋಡು. ಇನ್ನು ನನ್ನ ಸರದಿ’ ಎಂದಳು.

ಕೈಯಲ್ಲಿದ್ದ ಬಟ್ಟೆಯನ್ನು ಅಲ್ಲೇ ಬಿಟ್ಟೆ. ಒಂದು ತಿಂಗಳಿನಿಂದ ಅಣ್ಣ ಅಕ್ಕ ತಮ್ಮ ತಂಗಿ ಎಲ್ಲರೂ ಗುಳ್ಳೆ ಎದ್ದ ದಿನದಿಂದ ಅಮ್ಮನ ಪಕ್ಕದಲ್ಲಿ ಮಲಗಿದ್ದನ್ನು ಈ ಮಗು ನೋಡುತ್ತಲೇ ಇತ್ತು, ಹಾಗೂ ತನ್ನ ಸರದಿಗಾಗಿ ಕಾಯುತ್ತಿತ್ತು. ಕೆರೆದುಕೊಳ್ಳಬಾರದು, ಬಾ ಉಗುರು ತೆಗೆಯುತ್ತೇನೆ ಎಂದು ಮಡಿಲಲ್ಲಿ ಕೂರಿಸಿಕೊಂಡು ಕೈಗಳನ್ನು ಹಿಡಿದು ನೋಡಿದೆ. ಎಡಗೈಯ ಉಗುರುಗಳು ಓರೆಕೋರೆಯಾಗಿ, ಅಲ್ಲಲ್ಲಿ ಚೂಪಾಗಿ ಕತ್ತರಿಸಿಹೋಗಿದ್ದವು. ಬಲಗೈಯವು ಉದ್ದವಾಗಿ ಬೆಳೆದು ಅಡಿಯಲ್ಲಿ ಕಪ್ಪು ಕೊಳೆ ಕಟ್ಟಿತ್ತು. ಕೇಳಿದಾಗ, ಕಾಗದ ಕತ್ತರಿಸುವ ತನ್ನ ಕತ್ತರಿಯಿಂದ ತಾನೇ ತೆಗೆದುಕೊಂಡೆನೆಂದೂ, ಎಡಗೈಯಿಂದ ಕತ್ತರಿ ಹಿಡಿಯಲು ಬಾರದ್ದರಿಂದ ಬಲಗೈ ಹಾಗೇ ಉಳಿಯಿತೆಂದೂ ಹೇಳಿದಳು. ಆ ಬಲಗೈಯ ಉಗುರುಗಳು ಬೆರಳಿನಿಂದ ಸುಮಾರು 3 ಮಿಲಿಮೀಟರ್ ಹೊರಗೆ ಬಂದಿದ್ದವು. ಸರಿಯಾಗಿ ಒಂದು ತಿಂಗಳ ಬೆಳವಣಿಗೆ.

ನಾಲ್ಕನೆಯ ಬೆರಳಿಗೆ ಬರುವಷ್ಟರಲ್ಲಿ ಅವಳು ತಲೆ ಹಿಂದಕ್ಕೆ ವಾಲಿಸಿ, ನನ್ನನ್ನು ಕೆಳಗಿನಿಂದ ನೋಡುತ್ತಾ ಬಾಯಿ ತೆರೆದಳು. ಕೆಳಸಾಲಿನ ಮುಂದಿನ ಹಲ್ಲೊಂದು ಇರಲಿಲ್ಲ. ಇಪ್ಪತ್ತು ಹಾಲುಹಲ್ಲುಗಳಲ್ಲಿ ಸಾಮಾನ್ಯವಾಗಿ ಮೊದಲು ಬೀಳುವ ಹಲ್ಲು ಅದು. ಅಣ್ಣನದೂ ಅಕ್ಕನದೂ ಬಿದ್ದಾಗ ಮನೆಯವರೆಲ್ಲ ಸೇರಿ ಸಂಭ್ರಮಿಸಿ, ಬಿದ್ದ ದಿನಾಂಕ ಬರೆದು, ಖಾಲಿ ಜಾಗದ ಫೋಟೋ ತೆಗೆದಿದ್ದೆವು. ‘ಯಾವಾಗ ಬಿತ್ತು ಪುಟ್ಟಿ?’ ಎಂದೆ. ‘ಅವತ್ತು, ಪಾಪುಗೆ ಜ್ವರ ಬಂತಲ್ಲ, ಆವತ್ತು’ ಎಂದಳು. ಹದಿಮೂರು ದಿನಗಳಾಗಿದ್ದವು. ಆ ಹದಿಮೂರು ದಿನ ದಿನಕ್ಕೆ ಮೂರು ಹೊತ್ತು ಅವಳು ನನ್ನೆದುರು ಕುಳಿತು ಉಂಡಿದ್ದಳು. ಹಲ್ಲು ಎಲ್ಲಿ ಎಂದರೆ ಓಡಿಹೋಗಿ ಪೆನ್ಸಿಲ್ ಡಬ್ಬಿ ತಂದು, ನೋಟ್‌ಬುಕ್ಕಿನ ಹಾಳೆಯ ಚೂರಿನಲ್ಲಿ ನಾಲ್ಕು ಮಡಿಕೆ ಮಡಚಿ ಇಟ್ಟಿದ್ದ ಹಲ್ಲನ್ನು ಬಿಚ್ಚಿ ತೋರಿಸಿದಳು. ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪ. ಬುಡದಲ್ಲಿ ಒಣಗಿದ ರಕ್ತದ ಕಂದು ಗೆರೆ.

ಅವಳು ನನ್ನನ್ನು ದೂರಲಿಲ್ಲ. ದೂರಿದ್ದರೆ ಸಮಾಧಾನಪಡಿಸಬಹುದಿತ್ತು. ಒಳ್ಳೆಯ ಮಗು, ತಂಟೆ ಮಾಡದ ಮಗು ಎಂದು ನಾವು ಹೊಗಳಿದಷ್ಟೂ ಅವಳು ಇನ್ನಷ್ಟು ಸುಮ್ಮನಾಗುತ್ತಾ ಹೋಗಿದ್ದಳೆಂಬುದು ನನಗೆ ಅವತ್ತು ಹೊಳೆಯಿತು. ನನಗೆ ಅನುಕೂಲವಾಗಿದ್ದುದನ್ನು ಅವಳ ಗುಣವೆಂದು ಕರೆಯುತ್ತಿದ್ದೆ. ಆ ದಿನದಿಂದ ನಮ್ಮ ಮನೆಯಲ್ಲಿ ಯಾವ ಮಗುವನ್ನೂ ತೊಂದರೆ ಕೊಡದ್ದಕ್ಕಾಗಿ ಹೊಗಳುವುದನ್ನು ನಾನು ಬಿಟ್ಟಿದ್ದೇನೆ. ಮನೆಯವರಿಗೂ ಹೇಳಿದ್ದೇನೆ, ಅವರು ಒಪ್ಪಿದ್ದಾರೆ.

ರಾತ್ರಿಯ ಕ್ರಮವನ್ನೂ ಬದಲಿಸಿದೆವು. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆಯ ನಿದ್ದೆ ಬೇಕು. ಮೂರರಿಂದ ಐದು ವರ್ಷದವರಿಗೆ ಹಗಲಿನದೂ ಸೇರಿ 10ರಿಂದ 13 ಗಂಟೆ. ಬೆಳಿಗ್ಗೆ ಆರಕ್ಕೆ ಏಳುವವರು ಎಂಟೂವರೆಗೆಲ್ಲ ಮಲಗಿರಬೇಕು, ಹಾಗಾಗಿ ಎಲ್ಲರನ್ನೂ ಒಟ್ಟಿಗೆ ಮಲಗಿಸಿ ದೀಪ ಆರಿಸುವುದು ನಮ್ಮ ರೂಢಿಯಾಗಿತ್ತು. ಈಗ ದಿನಕ್ಕೊಬ್ಬರು, ಸರದಿಯ ಪ್ರಕಾರ, ಉಳಿದವರು ಮಲಗಿದ ಮೇಲೆ ಹದಿನೈದು ನಿಮಿಷ ನನ್ನ ಬಳಿ ಎಚ್ಚರವಿರುತ್ತಾರೆ. ಆ ಹೊತ್ತಿನಲ್ಲಿ ಕೂಸು ಎದ್ದರೆ ಅದು ಅವರ ಅಪ್ಪನ ಪಾಲು. ಏನು ಮಾಡಬೇಕೆಂಬುದು ಮಗುವಿನ ಇಷ್ಟ. ದೊಡ್ಡವನು ಚೌಕಾಬಾರದಂಥ ಆಟ ಏನನ್ನಾದರೂ ಹರಡುತ್ತಾನೆ, ಎರಡನೆಯವಳು ಶಾಲೆಯ ಜಗಳಗಳ ವರದಿ ಒಪ್ಪಿಸುತ್ತಾಳೆ, ನಾಲ್ಕನೆಯವನು ಐದನೆಯ ನಿಮಿಷಕ್ಕೇ ನಿದ್ದೆಹೋಗುತ್ತಾನೆ. ಮೂರನೆಯವಳು ಮೊದಲ ಕೆಲವು ವಾರ ಏನೂ ಮಾತಾಡಲಿಲ್ಲ. ಸುಮ್ಮನೆ ಪಕ್ಕದಲ್ಲಿ ಕುಳಿತು ನನ್ನ ಬಳೆಗಳನ್ನು ಮೇಲೆ ಕೆಳಗೆ ಸರಿಸುತ್ತಿದ್ದಳು, ನಾನೂ ಏನನ್ನೂ ಕೇಳದೆ ಕೂರುತ್ತಿದ್ದೆ. ಆರನೆಯದೋ ಏಳನೆಯದೋ ಸರದಿಯಲ್ಲಿ ಅವಳಾಗಿಯೇ, ‘ಈ ಹಳದಿ ಅಂಗಿಗೆ ಮೂರು ಗಂಟು ಇದೆ. ಒಂದೇ ಗಂಟಿನ ಅಂಗಿ ನನಗೆ ಯಾವಾಗ ಬರುತ್ತೆ?’ ಎಂದು ಕೇಳಿದಳು. ಅವಳ ಅಳತೆಗೆಂದೇ ಬಟ್ಟೆ ತಂದು, ಅವಳೇ ಆರಿಸಿದ ನೀಲಿ ದಾರದಿಂದ ಒಂದೇ ಗಂಟು ಹಾಕಿ ಒಂದು ಅಂಗಿ ಹೊಲಿದುಕೊಟ್ಟೆ. ಅದು ಯಾರಿಗೆ ಇಳಿಯಬೇಕೆಂಬುದನ್ನು ಅವಳೇ ಹೇಳುತ್ತಾಳೆ.

ಭಾನುವಾರದ ಸಂಜೆಗಳು ಮರಳಿ ಬಂದಿವೆ. ಈಗ ಕಾಯಿಲೆ ಬಂದರೂ, ನೆಂಟರು ಬಂದರೂ, ಪತ್ರಿಕೆ ಹಾಸುವುದನ್ನು ತಪ್ಪಿಸುವುದಿಲ್ಲ. ಒಬ್ಬೊಬ್ಬರಿಗೆ ಹಿಡಿಯುವುದು ಏಳೆಂಟು ನಿಮಿಷ. ಕೈ ನನ್ನ ಕೈಯಲ್ಲಿರುವಾಗ ಮಕ್ಕಳು ಎದ್ದು ಓಡುವಂತಿಲ್ಲ, ನಾನೂ ಏಳುವಂತಿಲ್ಲ. ಬೆರಳುಗಳು ಎಷ್ಟೋ ವಿಷಯ ಹೇಳುತ್ತವೆ: ದೊಡ್ಡವನು ಪರೀಕ್ಷೆ ಹತ್ತಿರವಾದಾಗ ಹೆಬ್ಬೆರಳಿನ ಉಗುರು ಕಚ್ಚಿಕೊಳ್ಳುತ್ತಾನೆ, ನಾಲ್ಕನೆಯವನ ಉಗುರಿನಡಿ ಗೋಡೆಯ ಸುಣ್ಣ ಸಿಕ್ಕಿಕೊಂಡಿದ್ದರೆ ಅವನು ಮತ್ತೆಲ್ಲೋ ಗೋಡೆ ಕೆರೆಯುತ್ತಿದ್ದಾನೆಂದು ಅರ್ಥ.

ಮೂರನೆಯವಳಿಗೆ ಈಗ ಏಳು ವರ್ಷ ತುಂಬಿದೆ. ಮೊದಲ ಹಲ್ಲು ಬಿದ್ದ ಜಾಗದಲ್ಲಿ ಅಂಚು ಗರಗಸದಂತಿರುವ ಹೊಸ ಹಲ್ಲು ಬಂದಿದೆ. ಕಳೆದ ಭಾನುವಾರ ಅವಳು ಬಂದು ಕೂತಾಗ, ಯಾವ ಕೈ ಮೊದಲು ಎಂದು ಕೇಳಿದೆ.

‘ಬಲಗೈ. ಅದು ನನಗೆ ಆಗಲ್ಲ’ ಎಂದು ಬೆರಳುಗಳನ್ನು ಅಗಲಿಸಿ ನನ್ನ ಮುಂದೆ ಹಿಡಿದಳು.